ರಿಲೇಗೆ ಒಂದು ಡಯೋಡ್ ಸಾಕು ಎನ್ನುವ ಮುನ್ನ

ನಮಸ್ಕಾರ. ರಿಲೇ ಎಂದರೆ ಕಾಯಿಲ್ಲಿನ ಕಾಂತಬಲದಿಂದ ಕಾಂಟ್ಯಾಕ್ಟುಗಳನ್ನು ತೆರೆದು ಮುಚ್ಚುವ ಸ್ವಿಚ್. 24 ವೋಲ್ಟ್ ಡಿಸಿ ರಿಲೇ ಎಂದರೆ ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೆಸೆದು ಕೆಲಸ ಮುಗಿಸುವ ರೂಢಿ ಪೀಣ್ಯದ ಪ್ಯಾನೆಲ್ ತಯಾರಕರಲ್ಲಿ ಬಲವಾಗಿ ಬೇರೂರಿದೆ. ಎಸ್‌ಪಿ ರಸ್ತೆಯಲ್ಲಿ ಸುಲಭವಾಗಿ ಸಿಗುವ, 1000 ವೋಲ್ಟ್ ತಾಳುವ ಆ ಅಗ್ಗದ ಬಿಡಿಭಾಗದ ಬಗ್ಗೆ ನನ್ನ ತಕರಾರಿಲ್ಲ. ಅದು ಯಾವ ಭಾಗವನ್ನು ಕಾಪಾಡುತ್ತದೆ, ಯಾವ ಭಾಗದ ಆಯುಷ್ಯವನ್ನು ತಿನ್ನುತ್ತದೆ ಎಂದು ಲೆಕ್ಕ ಹಾಕದೆ ಬಳಸುವುದನ್ನು ಮಾತ್ರ ನಾನು ಒಪ್ಪಲಾರೆ.

ರಿಲೇಯನ್ನು ಚಾಲೂ-ಬಂದ್ ಮಾಡುವ ಟ್ರಾನ್ಸಿಸ್ಟರ್ ಕಾಯಿಲ್‌ನ ಕರೆಂಟನ್ನು ಥಟ್ಟನೆ ಕಡಿದಾಗ ಕಾಂತಕ್ಷೇತ್ರದಲ್ಲಿದ್ದ ಶಕ್ತಿ ಹಿಮ್ಮುಖ ವೋಲ್ಟೇಜಾಗಿ ಏಳುತ್ತದೆ. 24 ವೋಲ್ಟಿನ ಕಾಯಿಲ್ ಕೂಡ ನೂರಾರು ವೋಲ್ಟ್ ಹುಟ್ಟಿಸಬಲ್ಲದು. ಡಯೋಡ್ ಅದನ್ನು ಸುಮಾರು 0.7 ವೋಲ್ಟಿಗೆ ತಡೆದು ಟ್ರಾನ್ಸಿಸ್ಟರನ್ನು ಉಳಿಸುತ್ತದೆ. ಆದರೆ ತಡೆ ಅಷ್ಟು ಕೆಳಗಿರುವ ಕಾರಣಕ್ಕೇ ಕಾಯಿಲ್‌ನ ಕರೆಂಟ್ ನಿಧಾನವಾಗಿ ಇಳಿಯುತ್ತದೆ, ಆರ್ಮೇಚರ್ (ಕಾಂಟ್ಯಾಕ್ಟನ್ನು ಚಲಿಸುವ ಕಬ್ಬಿಣದ ತುಂಡು) ತಡವಾಗಿ ಬಿಡುತ್ತದೆ, ಕಾಂಟ್ಯಾಕ್ಟ್‌ಗಳು ಮೆಲ್ಲಗೆ ಬೇರ್ಪಡುತ್ತವೆ, ಅವುಗಳ ನಡುವಿನ ಕಿಡಿ ಹೆಚ್ಚು ಹೊತ್ತು ಉರಿಯುತ್ತದೆ. ಆ ಕಾಂಟ್ಯಾಕ್ಟ್ ದಿನವಿಡೀ ಸೊಲೆನಾಯ್ಡ್ ವಾಲ್ವನ್ನೋ ಮೋಟಾರಿನ ಕಾಂಟ್ಯಾಕ್ಟರನ್ನೋ ಚಾಲೂ-ಬಂದ್ ಮಾಡುತ್ತಿದ್ದರೆ, ಅಗ್ಗದ ಟ್ರಾನ್ಸಿಸ್ಟರನ್ನು ಉಳಿಸಲು ಹೋಗಿ ದುಬಾರಿ ರಿಲೇಯನ್ನೇ ಸವೆಸಿದಂತಾಗುತ್ತದೆ.

ಆದ್ದರಿಂದ ಕೈಗಾರಿಕಾ ರಿಲೇಗೆ ಡಯೋಡ್‌ನೊಂದಿಗೆ ಸರಣಿಯಲ್ಲಿ ಒಂದು ಝೀನರ್ (ನಿಗದಿತ ವೋಲ್ಟೇಜಿನಲ್ಲಿ ಹಿಮ್ಮುಖವಾಗಿಯೂ ಕರೆಂಟ್ ಬಿಡುವ ಡಯೋಡ್) ಇರಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ: ತಡೆ ಮೇಲಿದ್ದಷ್ಟೂ ಕರೆಂಟ್ ಬೇಗ ಇಳಿಯುತ್ತದೆ. ಅದರ ಮೌಲ್ಯವನ್ನು ನಿರ್ಧರಿಸಬೇಕಾದದ್ದು ಚಾಲಕ ಟ್ರಾನ್ಸಿಸ್ಟರಿನ ತಾಳಿಕೆ. ಚಾಲಕ ಟ್ರಾನ್ಸಿಸ್ಟರುಗಳನ್ನು ಒಳಗೊಂಡ, ಬಹಳ ಜನ ಬಳಸುವ ಯುಎಲ್‌ಎನ್2003 ಐಸಿಯ ಮಿತಿ 50 ವೋಲ್ಟ್. ಸರಬರಾಜು ಶೇಕಡಾ 20 ಏರಿ 28.8 ವೋಲ್ಟಾಗಿದೆ ಎಂದುಕೊಳ್ಳಿ: 24 ವೋಲ್ಟಿನ ಝೀನರ್ ಹಾಕಿದರೆ ಮಿತಿ ದಾಟುತ್ತದೆ, 18 ವೋಲ್ಟಿನದನ್ನು ಹಾಕಿದರೆ ಸರಬರಾಜು, ಝೀನರ್, ಡಯೋಡ್ ಸೇರಿ ಒಟ್ಟು ಸುಮಾರು 47.5 ವೋಲ್ಟಿಗೆ ನಿಲ್ಲುತ್ತದೆ. ಐಸಿಯೊಳಗೆ ಡಯೋಡ್‌ಗಳು ಆಗಲೇ ಇರುವುದರಿಂದ, ಅವುಗಳ ಸಾಮಾನ್ಯ ಪಿನ್ನಿಗೂ ಸರಬರಾಜಿಗೂ ನಡುವೆ ಈ ಝೀನರ್ ಸೇರಿಸಿದರೆ ಸಾಕು. ಎಸಿ ಕಾಯಿಲ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಡಯೋಡ್ ಹಾಕಿದರೆ ಅದು ಪ್ರತಿ ಆವರ್ತನದ ಒಂದು ಅರ್ಧದಲ್ಲಿ ಶಾರ್ಟ್ ಆಗುತ್ತದೆ.

ಹೊರಗಿನ ಸಾಲಿನಿಂದ ಬರುವ ಸರ್ಜ್ (ಕ್ಷಣಿಕ ಅತಿ ವೋಲ್ಟೇಜ್) ಬೇರೆಯೇ ಶತ್ರು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಬರುವ ಆ ಹೊಡೆತವನ್ನು ಐಇಸಿ 61000-4-5 ಮಾನಕ 1.2/50 ಮೈಕ್ರೋಸೆಕೆಂಡಿನ (1.2ರಲ್ಲಿ ಏರಿ 50ರಲ್ಲಿ ಅರ್ಧಕ್ಕಿಳಿಯುವ) ಅಲೆಯಾಗಿ ಪರೀಕ್ಷಿಸುತ್ತದೆ; ಅದಕ್ಕೆ ವೋಲ್ಟೇಜ್ ಮಿತಿ ಮೀರಿದಾಗ ಕರೆಂಟನ್ನು ತನ್ನ ಮೂಲಕ ಹರಿಸುವ ವೇರಿಸ್ಟರ್ ಬೇಕು. 230 ವೋಲ್ಟ್ ಸಾಲಿಗೆ 275 ವೋಲ್ಟಿನ 14ಡಿ431 ಹಾಕುವುದು ವಾಡಿಕೆಯಾದರೂ ನಾನು 320 ವೋಲ್ಟಿನ 14ಡಿ511ನ್ನೇ ಆರಿಸುತ್ತೇನೆ. 50 ಆಂಪಿಯರ್ ಹರಿದಾಗ ಮೊದಲನೆಯದು 710, ಎರಡನೆಯದು 845 ವೋಲ್ಟಿಗೆ ತಡೆಯುತ್ತದೆ. ಆ 135 ವೋಲ್ಟನ್ನು ಒಳಗಿನ ವಿನ್ಯಾಸ ಸಹಿಸಿಕೊಳ್ಳಬಹುದು, ಆದರೆ ತನ್ನ ಮಿತಿ ಮೀರಿ ಗಂಟೆಗಟ್ಟಲೆ ಏರಿ ನಿಂತ ವೋಲ್ಟೇಜನ್ನು ವೇರಿಸ್ಟರ್ ಸಹಿಸದು. ನ್ಯೂಟ್ರಲ್ ಕಡಿದು ಸಾಲು 400 ವೋಲ್ಟಿನತ್ತ ಏರಿದರೆ ಎರಡೂ ಕಾದು ಸುಡುತ್ತವೆ. ಆದ್ದರಿಂದ ಜೊತೆಗೆ ಥರ್ಮಲ್ ಫ್ಯೂಸ್ (ಬಿಸಿಯೇರಿದಾಗ ಕಡಿಯುವ ಫ್ಯೂಸ್) ಇಲ್ಲದ ವೇರಿಸ್ಟರನ್ನು ಮುಚ್ಚಿದ ಪ್ಯಾನೆಲ್‌ನೊಳಗೆ ಇಡಬಾರದು.

ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಹಾಕುವ ಆರ್‌ಸಿ ಸ್ನಬ್ಬರ್ (ಕಿಡಿ ತಗ್ಗಿಸುವ, ಸರಣಿಯಲ್ಲಿರುವ ರೆಸಿಸ್ಟರ್ ಮತ್ತು ಕೆಪಾಸಿಟರ್) ಬಗ್ಗೆಯೂ ಒಂದು ಎಚ್ಚರಿಕೆ. ಅದರಲ್ಲಿನ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಕಾಂಟ್ಯಾಕ್ಟ್ ತೆರೆದಿದ್ದಾಗಲೂ ಸುಮಾರು 7.2 ಮಿಲಿಆಂಪಿಯರ್ ಸೋರಿಸುತ್ತದೆ. ಮುಂದಿರುವುದು ಸಣ್ಣ ಎಸಿ ರಿಲೇಯಾದರೆ ಅದು ಬಿಡದೆ ಕಚ್ಚಿಕೊಂಡೇ ಉಳಿಯಬಹುದು. ಅಂಥ ಕಡೆ ಸ್ನಬ್ಬರನ್ನು ಕಾಂಟ್ಯಾಕ್ಟ್‌ನಿಂದ ತೆಗೆದು ಲೋಡಿಗೆ ಅಡ್ಡಲಾಗಿ ಹಾಕಿ.