ಎಕ್ಸ್‌ನಿಂದ ಬ್ಲೂಸ್ಕೈಗೆ ಗುಳೆ: ಕೂ ಮುಚ್ಚಿದ್ದೇಕೆ, ಬ್ಲೂಸ್ಕೈ ತುಂಬಿದ್ದೇಕೆ?

[ಪರದೆಯ ಮೇಲೆ: 13 ನವೆಂಬರ್ 2024]

ನಮಸ್ಕಾರ. ಆವತ್ತು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಒಂದು ನಿರ್ಧಾರ ಪ್ರಕಟಿಸಿತು: ಇನ್ನು ಮುಂದೆ ನಮ್ಮ ಅಧಿಕೃತ ಖಾತೆಗಳಿಂದ ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ, ಏನನ್ನೂ ಹಾಕುವುದಿಲ್ಲ. ಅವರಿಗೆ ಅಲ್ಲಿ 80ಕ್ಕೂ ಹೆಚ್ಚು ಖಾತೆಗಳಿದ್ದವು, ಹೆಚ್ಚುಕಡಿಮೆ 2 ಕೋಟಿ 70 ಲಕ್ಷ ಫಾಲೋವರ್ಸ್ ಇದ್ದರು. ಮರುದಿನವೇ ಬಾರ್ಸಿಲೋನಾದ ಲಾ ವ್ಯಾಂಗ್ವಾರ್ದಿಯಾ ಪತ್ರಿಕೆಯೂ ಹೊರಬಂತು. ಅಮೆರಿಕದ ಚುನಾವಣೆ ಮುಗಿದು ಆಗಷ್ಟೇ ಒಂದು ವಾರ ಕಳೆದಿತ್ತು. ಎಕ್ಸ್ ಮಾಲೀಕ ಇಲಾನ್ ಮಸ್ಕ್ ಆ ಚುನಾವಣೆಯಲ್ಲಿ ಟ್ರಂಪ್ ಪರ ಬಹಿರಂಗವಾಗಿ ಪ್ರಚಾರ ಮಾಡಿದ್ದರು. ನವೆಂಬರ್ 19ರ ಹೊತ್ತಿಗೆ, ಎಕ್ಸ್‌ನಂಥದ್ದೇ ಇನ್ನೊಂದು ಜಾಲತಾಣವಾದ ಬ್ಲೂಸ್ಕೈಯ ಬಳಕೆದಾರರು 2 ಕೋಟಿ ಮುಟ್ಟಿದರು. ಸೆಪ್ಟೆಂಬರ್ ನಡುವೆ ಅದು 1 ಕೋಟಿ ಇತ್ತು, ಅಂದರೆ ಎರಡೇ ತಿಂಗಳಲ್ಲಿ ದುಪ್ಪಟ್ಟು.

ಇಷ್ಟು ಫಾಲೋವರ್ಸ್ ಇರುವ ಜಾಗವನ್ನು ಒಂದು ಸುದ್ದಿಮನೆ ಹೇಗೆ ಬಿಟ್ಟು ಬರುತ್ತದೆ? ಸಿಟ್ಟು ಒಂದು ಕಾರಣ, ನಿಜ. ಆದರೆ ಲೆಕ್ಕವೂ ಇತ್ತು.

[ಪರದೆಯ ಮೇಲೆ: ಎನ್‌ಪಿಆರ್, ಏಪ್ರಿಲ್ 2023]

ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್ ಈ ಲೆಕ್ಕ ಮೊದಲೇ ಮಾಡಿತ್ತು. ಟ್ವಿಟರ್ ಅದಕ್ಕೆ ಸರ್ಕಾರಿ ನಂಟಿನ ಮಾಧ್ಯಮ ಅಂತ ಹಣೆಪಟ್ಟಿ ಹಚ್ಚಿತು. ಸಂಪಾದಕೀಯ ಸ್ವಾತಂತ್ರ್ಯವೇ ಉಸಿರಾಗಿರುವ ಸಂಸ್ಥೆಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ. ತನ್ನ 52 ಖಾತೆಗಳಲ್ಲೂ ಪೋಸ್ಟ್ ಹಾಕುವುದನ್ನು ಅದು ನಿಲ್ಲಿಸಿತು. ಆರು ತಿಂಗಳಾದ ಮೇಲೆ ನೋಡಿದರೆ ವೆಬ್‌ಸೈಟಿಗೆ ಬರುವವರ ಪ್ರಮಾಣದಲ್ಲಿ ಕಡಿಮೆಯಾದದ್ದು ಬರೀ ಶೇ. 1ರಷ್ಟು. ಟ್ವಿಟರ್‌ನಿಂದ ಬರುತ್ತಿದ್ದವರು ಮೊದಲೇ ಶೇ. 2ಕ್ಕಿಂತ ಕಡಿಮೆ ಇದ್ದರು.

ಆಮೇಲೆ ಲಿಂಕ್‌ಗಳ ಪಾಡು ಇನ್ನೂ ಕೆಟ್ಟಿತು. 2023ರ ಅಕ್ಟೋಬರ್‌ನಲ್ಲಿ ಎಕ್ಸ್ ಸುದ್ದಿ ಲಿಂಕ್‌ಗಳ ತಲೆಬರಹವನ್ನೇ ತೆಗೆದುಹಾಕಿತು. ಫೋಟೋ ಕಾಣುತ್ತಿತ್ತು, ಸುದ್ದಿ ಏನು ಅಂತ ಗೊತ್ತಾಗುತ್ತಿರಲಿಲ್ಲ. ಲಿಂಕ್ ಇದ್ದ ಪೋಸ್ಟ್‌ಗಳು ಹೆಚ್ಚು ಜನರಿಗೆ ತಲುಪುತ್ತಿಲ್ಲ ಅನ್ನುವ ದೂರು ಎದ್ದಾಗ, ಲಿಂಕನ್ನು ಮುಖ್ಯ ಪೋಸ್ಟ್‌ನಲ್ಲಿ ಹಾಕಬೇಡಿ, ಕೆಳಗೆ ರಿಪ್ಲೈನಲ್ಲಿ ಹಾಕಿ ಅಂದರು ಮಸ್ಕ್. ಓದುಗರನ್ನು ತನ್ನ ಪುಟಕ್ಕೆ ಕರೆತರುವುದಕ್ಕೇ ಅಲ್ಲಿರುವ ಪತ್ರಿಕೆಗೆ ಬಾಗಿಲು ಮುಚ್ಚಿದ್ದು ಅಲ್ಲೇ.

[ಪರದೆಯ ಮೇಲೆ: ಹಳದಿ ಹಕ್ಕಿ]

ಈಗ ನಮ್ಮೂರಿನ ಕಥೆಗೆ ಬರೋಣ. ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವಟ್ಕಾ ಕಟ್ಟಿದ, ಟ್ವಿಟರ್‌ನಂಥದ್ದೇ ಆದ ಕೂ ಆ್ಯಪ್ ಮೊದಲು ಬಂದದ್ದು ಕನ್ನಡದಲ್ಲಿ. ಇಂಗ್ಲಿಷ್ ಬಾರದವರೂ ತಮ್ಮ ಭಾಷೆಯಲ್ಲೇ ಮಾತಾಡಬೇಕು ಅನ್ನುವ ಆಸೆಯಿಂದ ಹುಟ್ಟಿದ್ದು ಅದು. ಆ ಆಸೆಯ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. 2021ರ ಫೆಬ್ರವರಿಯಲ್ಲಿ, ರೈತ ಚಳವಳಿಗೆ ಸಂಬಂಧಿಸಿದ ಖಾತೆಗಳ ವಿಷಯಕ್ಕೆ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ, ಪಿಯೂಷ್ ಗೋಯಲ್ ಅವರಂಥ ಸಚಿವರು ಕೂ ಕಡೆಗೆ ಬಂದರು. ಅವರ ಹಿಂದೆ ಜನರೂ ಬಂದರು. ಆದರೆ ಬಂದವರು ಟ್ವಿಟರ್ ಬಿಡಲಿಲ್ಲ. ಅದೇ ಮಾತು ಎರಡೂ ಕಡೆ ಸಿಗುವಾಗ ಓದುಗ ಹಳೇ ಜಾಗ ಬಿಟ್ಟು ಯಾಕೆ ಏಳಬೇಕು?

ಮಸ್ಕ್ ಟ್ವಿಟರ್ ಕೊಂಡ ಕೆಲವೇ ವಾರಗಳಲ್ಲಿ, 2022ರ ನವೆಂಬರ್‌ನಲ್ಲಿ, ಬ್ರೆಜಿಲ್‌ನಿಂದ 48 ಗಂಟೆಯಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಕೂಗೆ ನುಗ್ಗಿದರು. ಅವರೂ ನಿಲ್ಲಲಿಲ್ಲ. ಬೇರೆ ಕಂಪನಿಗಳು ಕೂ ಅನ್ನು ಕೊಳ್ಳುವ ಮಾತುಕತೆಗಳು ಮುರಿದುಬಿದ್ದವು, ಸರ್ವರ್ ಖರ್ಚು ತೂಗಿಸುವುದು ಕಷ್ಟವಾಯಿತು. 2024ರ ಜುಲೈ 3ರಂದು ಸಂಸ್ಥಾಪಕರು ಕೂ ಮುಚ್ಚುತ್ತಿರುವುದಾಗಿ ಹೇಳಿದರು. ಉಚ್ಛ್ರಾಯದಲ್ಲಿ ದಿನಕ್ಕೆ 21 ಲಕ್ಷ ಜನ ಬಳಸುತ್ತಿದ್ದರು ಅಂತ ಅವರೇ ಬರೆದಿದ್ದಾರೆ.

ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ಆಗಸ್ಟ್ ಕೊನೆಗೆ ಬ್ರೆಜಿಲ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಲೆಶಾಂಡ್ರೆ ಡಿ ಮೊರೈಸ್ ಇಡೀ ದೇಶದಲ್ಲಿ ಎಕ್ಸ್ ಬಂದ್ ಮಾಡಿಸಿದರು. ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ಬ್ಲೂಸ್ಕೈ ಸೇರಿದರು, ಬಹುಪಾಲು ಬ್ರೆಜಿಲ್‌ನವರೇ. ಎಕ್ಸ್ ಮತ್ತೆ ಶುರುವಾದದ್ದು ಅಕ್ಟೋಬರ್ 8ಕ್ಕೆ. ಅಷ್ಟರಲ್ಲಿ ಹಲವರಿಗೆ ಹೊಸ ಜಾಗ ರೂಢಿಯಾಗಿತ್ತು.

ನಮ್ಮ ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಹೋಗುವವರು ತಮ್ಮೂರಿನವರು ಮೊದಲೇ ನೆಲೆಸಿರುವ ಕಡೆಗೇ ಹೋಗುತ್ತಾರಲ್ಲ, ಇಲ್ಲೂ ಹಾಗೇ. ಪರಿಚಯದವರಿಲ್ಲದ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲ. ಬ್ಲೂಸ್ಕೈ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತು.

[ಪರದೆಯ ಮೇಲೆ: ಸ್ಟಾರ್ಟರ್ ಪ್ಯಾಕ್]

ಸ್ಟಾರ್ಟರ್ ಪ್ಯಾಕ್ ಅಂದರೆ ಯಾರು ಬೇಕಾದರೂ ಮಾಡಬಹುದಾದ ಪಟ್ಟಿ. ಹವಾಮಾನ ವಿಜ್ಞಾನಿಗಳು, ಪತ್ರಕರ್ತರು, ಕನ್ನಡ ಬರಹಗಾರರು, ಹೀಗೆ 150 ಜನರವರೆಗೆ ಸೇರಿಸಿ ಲಿಂಕ್ ಕೊಟ್ಟರೆ, ಹೊಸಬರು ಒಂದೇ ಸಲ ಒತ್ತಿ ಎಲ್ಲರನ್ನೂ ಫಾಲೋ ಮಾಡಬಹುದು. ಮೊದಲ ದಿನದ ಖಾಲಿ ಪುಟ ಅಲ್ಲಿಗೇ ತುಂಬಿಬಿಡುತ್ತದೆ. 2024ರ ನವೆಂಬರ್‌ನಲ್ಲಿ ವಿಜ್ಞಾನಿಗಳು, ಪತ್ರಕರ್ತರು ಗುಂಪುಗುಂಪಾಗಿ ಬಂದದ್ದು ಹೀಗೇ. ನನ್ನ ಮಟ್ಟಿಗೆ ಬ್ಲೂಸ್ಕೈ ಮಾಡಿದ ಅತಿ ಜಾಣ ಕೆಲಸ ಇದು.

ಎರಡನೆಯದು, ಹೆಸರು. ಬ್ಲೂಸ್ಕೈಯಲ್ಲಿ ನಿಮ್ಮ ವೆಬ್‌ಸೈಟ್ ವಿಳಾಸವನ್ನೇ ಬಳಕೆದಾರ ಹೆಸರಾಗಿ ಇಟ್ಟುಕೊಳ್ಳಬಹುದು. ನ್ಯೂಯಾರ್ಕ್ ಟೈಮ್ಸ್ ಅಲ್ಲಿ ತನ್ನ ವೆಬ್‌ಸೈಟ್ ಹೆಸರಿನಲ್ಲೇ ಇದೆ. ಆ ಡೊಮೈನ್ ಪತ್ರಿಕೆಯ ಕೈಯಲ್ಲೇ ಇರುವುದರಿಂದ ಬೇರೆಯವರು ಅದೇ ಹೆಸರು ಹಾಕಿಕೊಳ್ಳಲಾರರು. ತಿಂಗಳ ಬಾಡಿಗೆ ಕೊಟ್ಟು ನೀಲಿ ಟಿಕ್ ಪಡೆಯುವ ಗೋಜೂ ಇಲ್ಲ.

ಇದರ ಕೆಳಗೆ ಎಟಿ ಪ್ರೋಟೋಕಾಲ್ ಅನ್ನುವ ಮುಕ್ತ ವ್ಯವಸ್ಥೆ ಇದೆ. ಖಾತೆ, ಪೋಸ್ಟ್, ಫಾಲೋವರ್ಸ್ ಪಟ್ಟಿ ಎಲ್ಲವನ್ನೂ ಬೇರೆ ಸರ್ವರ್‌ಗೆ ಸಾಗಿಸಲು ಬರುವ ಹಾಗೆ ಅದನ್ನು ಕಟ್ಟಿದ್ದಾರೆ. ಕೂ ಮುಚ್ಚಿದಾಗ ನಮ್ಮವರಿಗೆ ಇಲ್ಲದೇ ಹೋದದ್ದು ಇದೇ ಅನುಕೂಲ. ಅಲ್ಲಿ ಕೂಡಿಸಿಕೊಂಡ ಫಾಲೋವರ್ಸ್ ಬಳಗವನ್ನು ಹೊತ್ತೊಯ್ದು ಇಳಿಸಲು ಇನ್ನೊಂದು ಜಾಗವೇ ಇರಲಿಲ್ಲ.

ಹಾಗಂತ ಬ್ಲೂಸ್ಕೈ ಬಗ್ಗೆ ಎಲ್ಲವೂ ಸಲೀಸು ಅಂತ ನಾನು ಹೇಳುವುದಿಲ್ಲ. ಬಹುತೇಕ ಖಾತೆಗಳು ಇವತ್ತಿಗೂ ಆ ಕಂಪನಿಯ ಸರ್ವರ್‌ಗಳಲ್ಲೇ ಇವೆ, ಬೇರೆಡೆಗೆ ಸಾಗಿಸುವುದು ಸಾಮಾನ್ಯ ಬಳಕೆದಾರರಿಗೆ ಸುಲಭವೂ ಅಲ್ಲ. ಹಾಕಿದ ಬಂಡವಾಳಕ್ಕೆ ಲಾಭ ಕೇಳುವ ಹೂಡಿಕೆದಾರರೂ ಹಿಂದೆ ಇದ್ದಾರೆ. ಕನ್ನಡದ ಬಳಗವಂತೂ ಅಲ್ಲಿ ಇನ್ನೂ ಚಿಕ್ಕದು.

ನೀವು ಕನ್ನಡದಲ್ಲಿ ಸುದ್ದಿತಾಣವನ್ನೋ ಪತ್ರಿಕೆಯನ್ನೋ ನಡೆಸುತ್ತಿದ್ದರೆ, ಎಕ್ಸ್ ಬಿಡುವ ಮೊದಲು ಎರಡು ಕೆಲಸ ಮಾಡಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಪುಟಕ್ಕೆ ಓದುಗರು ಎಲ್ಲಿಂದ ಬಂದರು ಅನ್ನುವ ಅಂಕಿಅಂಶ ತೆಗೆದು ನೋಡಿ. ಆಮೇಲೆ ಬ್ಲೂಸ್ಕೈಯಲ್ಲಿ ನಿಮ್ಮದೇ ಡೊಮೈನ್ ಹೆಸರಿನ ಖಾತೆ ತೆರೆಯಿರಿ. ಡಿಎನ್‌ಎಸ್ ಸೆಟ್ಟಿಂಗ್ಸ್‌ನಲ್ಲಿ, ಅಂದರೆ ನಿಮ್ಮ ಡೊಮೈನ್‌ನ ವಿಳಾಸದ ವಿವರ ಇರುವ ಕಡೆ, ಒಂದು ಸಾಲು ಸೇರಿಸಿದರೆ ಸಾಕು. ಆ ಸಾಲನ್ನು ಎಲ್ಲಿ, ಹೇಗೆ ಸೇರಿಸಬೇಕು ಅಂತ ಮುಂದಿನ ವಿಡಿಯೋದಲ್ಲಿ ಮಾಡಿ ತೋರಿಸುತ್ತೇನೆ.