ರಕ್ತ ಕೊಡುವ ಮುಂಚೆ ಆ ಪ್ರಶ್ನೆಗಳನ್ನೆಲ್ಲ ಯಾಕೆ ಕೇಳ್ತಾರೆ?

[ದೃಶ್ಯ: ಕಾಲೇಜಿನಲ್ಲಿ ರಕ್ತದಾನ ಶಿಬಿರ. ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತು ಫಾರ್ಮ್ ತುಂಬುತ್ತಿರುವ ಹುಡುಗರು.]

ನಮಸ್ಕಾರ. ರಕ್ತ ಕೊಟ್ಟವರಿಗೆಲ್ಲ ಈ ಫಾರ್ಮ್ ಗೊತ್ತು. ಹೆಸರು, ವಯಸ್ಸು, ತೂಕ ಬರೆಯುವ ತನಕ ಆರಾಮ. ಆಮೇಲೆ ಶುರುವಾಗುತ್ತದೆ: ಒಬ್ಬರಿಗಿಂತ ಹೆಚ್ಚು ಜನರ ಜೊತೆ ಲೈಂಗಿಕ ಸಂಪರ್ಕ ಇದೆಯಾ, ಸೂಜಿ ಚುಚ್ಚಿಕೊಂಡು ಡ್ರಗ್ಸ್ ತೆಗೆದುಕೊಂಡಿದ್ದೀರಾ, ಒಂದು ವರ್ಷದೊಳಗೆ ಟ್ಯಾಟೂ ಹಾಕಿಸಿದ್ದೀರಾ. ಪಕ್ಕದಲ್ಲಿ ಗೆಳೆಯ ಇಣುಕುತ್ತಿರುತ್ತಾನೆ, ಹಿಂದೆ ಲೆಕ್ಚರರ್ ನಿಂತಿರುತ್ತಾರೆ. ಸರಸರ ಎಲ್ಲಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಎದ್ದುಬಿಡುತ್ತೇವೆ. ಹೇಗೂ ಟೆಸ್ಟ್ ಮಾಡ್ತಾರಲ್ವಾ?

ಮಾಡುತ್ತಾರೆ. ನಮ್ಮ ದೇಶದಲ್ಲಿ ಪ್ರತಿ ಬ್ಯಾಗಿಗೂ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಮಲೇರಿಯಾ ಸೊಳ್ಳೆಯ ಕೆಲಸ, ಬಿಡಿ. ಉಳಿದ ನಾಲ್ಕೂ ಲೈಂಗಿಕ ಸಂಪರ್ಕದಿಂದ ಹರಡಬಹುದು, ಹೆಪಟೈಟಿಸ್ ಸಿ ಮಾತ್ರ ಜಾಸ್ತಿ ಸೂಜಿಯಿಂದಲೇ ಬರುತ್ತದೆ.

[ತೆರೆಯ ಮೇಲೆ: ವಿಂಡೋ ಪೀರಿಯಡ್]

ತೊಂದರೆ ಇರುವುದು ಇಲ್ಲಿ. ಸೋಂಕು ತಗುಲಿದ ದಿನವೇ ಟೆಸ್ಟಿಗೆ ಸಿಕ್ಕಿಬೀಳುವುದಿಲ್ಲ. ಆಂಟಿಬಾಡಿ, ಅಂದರೆ ಸೋಂಕಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರೋಟೀನು, ಅದನ್ನು ಮಾತ್ರ ಹುಡುಕುವ ಎಲೈಸಾ ಟೆಸ್ಟಿಗೆ ಎಚ್‌ಐವಿ ಕಾಣಲು ಸುಮಾರು 3 ವಾರ ಬೇಕು. ವೈರಸ್ಸನ್ನೇ ಹುಡುಕುವ ನ್ಯಾಟ್ ಟೆಸ್ಟ್ ಇದನ್ನು 10 ದಿನದ ಆಸುಪಾಸಿಗೆ ಇಳಿಸುತ್ತದೆ, ಆದರೆ ಅದು ಎಲ್ಲಾ ಬ್ಲಡ್ ಬ್ಯಾಂಕಿನಲ್ಲೂ ಇಲ್ಲ. ಈ ನಡುವಿನ ದಿನಗಳೇ ವಿಂಡೋ ಪೀರಿಯಡ್. ಆಗ ರಕ್ತ ಕೊಟ್ಟರೆ ರಿಪೋರ್ಟ್ ನೆಗೆಟಿವ್, ರಕ್ತದಲ್ಲಿ ವೈರಸ್ ಇದ್ದೇ ಇದೆ. ಒಂದು ಬ್ಯಾಗನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡುವುದರಿಂದ ಅದು ಮೂರು ರೋಗಿಗಳ ತನಕ ಹೋಗಬಹುದು. ಸಿಫಿಲಿಸ್ ರೋಗಾಣು ಫ್ರಿಜ್ಜಿನ ಚಳಿಯಲ್ಲಿ ಕೆಲವೇ ದಿನ ಬದುಕುತ್ತದೆ, ಆದರೆ ಪ್ಲೇಟ್‌ಲೆಟ್ ಇಡುವುದು 20ರಿಂದ 24 ಡಿಗ್ರಿಯಲ್ಲಿ. ಅಲ್ಲಿ ಚಳಿಯ ಕಾವಲು ಇಲ್ಲ.

ಹಾಗಾಗಿ ಟೆಸ್ಟಿಗೆ ಕಾಣದ್ದನ್ನು ಹಿಡಿಯಬೇಕಾದದ್ದು ಆ ಫಾರ್ಮೇ. ಇತ್ತೀಚೆಗೆ ಹೊಸ ಸಂಗಾತಿ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳು, ಕಾಂಡೋಮ್ ಇಲ್ಲದ ಸಂಪರ್ಕ, ಹಿಂದೆ ಗುಪ್ತರೋಗಕ್ಕೆ ಚಿಕಿತ್ಸೆ, ಹಂಚಿಕೊಂಡ ಸೂಜಿ, ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಮದುವೆಯಾಗಿದೆ ಅಂದಮಾತ್ರಕ್ಕೆ ಸೇಫ್ ಅಲ್ಲ. ಗಂಡನ ವಿಷಯ ಗೊತ್ತೇ ಇಲ್ಲದ ಹೆಂಡತಿ ಪ್ರಾಮಾಣಿಕವಾಗಿಯೇ 'ಇಲ್ಲ' ಅಂತ ಬರೆಯುತ್ತಾಳೆ.

ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡದ ವಿಷಯ ಒತ್ತಡ. ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನಿಂದಾಗಿ 1998ರಿಂದ ದುಡ್ಡಿಗೆ ರಕ್ತ ಮಾರುವುದು ನಿಂತಿತು, ಯಾಕೆಂದರೆ ದುಡ್ಡು ಬೇಕಾದವನು ಕಾಯಿಲೆ ಮುಚ್ಚಿಡುತ್ತಾನೆ. ಆದರೆ "ಎರಡು ಯೂನಿಟ್ ಕೊಟ್ಟಿದ್ದೀವಿ, ಬದಲಿಗೆ ಇಬ್ಬರನ್ನು ಕರ್ಕೊಂಡು ಬನ್ನಿ" ಅನ್ನುವ ಪದ್ಧತಿ ಪೂರ್ತಿ ಹೋಗಿಲ್ಲ. ಐಸಿಯುನಲ್ಲಿ ದೊಡ್ಡಪ್ಪ ಮಲಗಿದ್ದಾಗ, ಚಿಕ್ಕಮ್ಮ ಪಕ್ಕದಲ್ಲೇ ಕಣ್ಣೀರು ಹಾಕುತ್ತಿರುವಾಗ, ಯಾವ ಹುಡುಗ "ನಾನು ಕೊಡೋ ಹಾಗಿಲ್ಲ" ಅಂತಾನೆ ಹೇಳಿ? ತಾನಾಗಿ ಬಂದು ಮತ್ತೆ ಮತ್ತೆ ಕೊಡುವವರ ರಕ್ತವೇ ಹೆಚ್ಚು ಸುರಕ್ಷಿತ ಅನ್ನುವುದು ಇದಕ್ಕೇ.

ಇನ್ನು ಕೆಲವರು ಫ್ರೀಯಾಗಿ ಎಚ್‌ಐವಿ ಟೆಸ್ಟ್ ಆಗುತ್ತದೆ ಅಂತಲೇ ಬರುತ್ತಾರೆ. ದಯವಿಟ್ಟು ಬೇಡ. ಅನುಮಾನ ಇರುವವರೇ ವಿಂಡೋ ಪೀರಿಯಡ್‌ನಲ್ಲಿ ಇರುವ ಸಾಧ್ಯತೆ ಜಾಸ್ತಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಟೆಸ್ಟ್ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ.

ಒಂದು ತಕರಾರು ನನ್ನದೂ ಇದೆ. ಯಾರು ರಕ್ತ ಕೊಡಬಹುದು ಅಂತ ಹೇಳುವ ನಮ್ಮ ದೇಶದ 2017ರ ಮಾರ್ಗಸೂಚಿ ಟ್ರಾನ್ಸ್‌ಜೆಂಡರ್ ಜನ, ಸಲಿಂಗಿ ಗಂಡಸರು ರಕ್ತ ಕೊಡುವುದನ್ನೇ ತಡೆಯಿತು. ಇದನ್ನು ಪ್ರಶ್ನಿಸಿ 2021ರಲ್ಲಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಹೋಯಿತು. ಅದೇ ವರ್ಷ ಬ್ರಿಟನ್, 2023ರಲ್ಲಿ ಅಮೆರಿಕ, ನೀವು ಯಾರು ಅಂತ ನೋಡುವುದನ್ನು ಬಿಟ್ಟು ಕಳೆದ 3 ತಿಂಗಳಲ್ಲಿ ಏನು ನಡೆದಿದೆ ಅಂತ ಎಲ್ಲರನ್ನೂ ಒಂದೇ ಥರ ಕೇಳಲು ಶುರು ಮಾಡಿದವು. ನನಗೆ ಇದೇ ಸರಿ ಅನ್ನಿಸುತ್ತದೆ.

ಶಿಬಿರ ಮಾಡುವವರೇ, ಜ್ಯೂಸು ಬಿಸ್ಕತ್ತಿನ ಟೇಬಲ್ ಎಲ್ಲಿಡಬೇಕು ಅಂತ ಯೋಚಿಸುವ ಹಾಗೆ, ಆ ಪ್ರಶ್ನೆ ಕೇಳೋಕೆ ಪರದೆ ಹಾಕಿದ ಒಂದು ಮೂಲೆಯನ್ನೂ ಇಡಿ. ಈಗಾಗಲೇ ರಕ್ತ ಕೊಟ್ಟು ಬಂದು ಮನಸ್ಸಿಗೆ ಕಿರಿಕಿರಿ ಆಗುತ್ತಿದೆಯಾ? ಆವತ್ತೇ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ, "ನನ್ನ ರಕ್ತ ಬಳಸಬೇಡಿ" ಅಂತ ಹೇಳಿ. ರೋಗಿಗೆ ಏರಿಸುವ ಮುಂಚೆ ಹೇಳಿದರೆ ಆ ಬ್ಯಾಗನ್ನು ತೆಗೆದಿಡಬಹುದು.