36ರಿಂದ 48ಕ್ಕೆ: ಸೈಕಲ್ ಬ್ಯಾಟರಿ ಬದಲಿಸುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಎಲೆಕ್ಟ್ರಿಕ್ ಸೈಕಲ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಏರು ಸಿಕ್ಕರೆ ಮೋಟರ್ ಏದುಸಿರು ಬಿಡುತ್ತದೆ. ಸಪಾಟು ರಸ್ತೆಯಲ್ಲೂ ಇನ್ನೊಂದಿಷ್ಟು ಓಡಬಾರದಾ ಅನ್ನಿಸುತ್ತದೆ. ಆಗ ಯಾರೋ ಹೇಳುತ್ತಾರೆ: '36 ವೋಲ್ಟ್ ಬ್ಯಾಟರಿ ತೆಗೆದು 48 ಹಾಕು, ಸೈಕಲ್ ಹಾರುತ್ತೆ.' ಮಾತು ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಉಳಿದ ಅರ್ಧ ಹೇಳೋಣ ಅಂತ ಇವತ್ತು ಬಂದಿದ್ದೇನೆ.

ವೋಲ್ಟೇಜ್ ಏರಿದಂತೆ ಮೋಟರಿನ ವೇಗವೂ ಏರುತ್ತದೆ. ಎತ್ತಿ ಹಿಡಿದ ಚಕ್ರ 36 ವೋಲ್ಟಿನಲ್ಲಿ ಗಂಟೆಗೆ 24 ಕಿಲೋಮೀಟರ್ ಲೆಕ್ಕಕ್ಕೆ ತಿರುಗುತ್ತಿದ್ದರೆ, 48ರಲ್ಲಿ 32ರ ಲೆಕ್ಕಕ್ಕೆ ತಿರುಗುತ್ತದೆ. ಬಲವೂ ಹೆಚ್ಚುತ್ತದೆ. 15 ಆಂಪಿಯರ್ ಎಳೆದಾಗ 36ರಲ್ಲಿ 540 ವ್ಯಾಟ್ ಸಿಕ್ಕರೆ, 48ರಲ್ಲಿ 720. ಆದರೆ ರಸ್ತೆಗಿಳಿದರೆ ಎದುರಿಗೆ ಗಾಳಿ ಇರುತ್ತದಲ್ವಾ? ವೇಗ ಮೂರನೇ ಒಂದು ಭಾಗ ಹೆಚ್ಚಾದರೆ, ಗಾಳಿಯನ್ನು ಸೀಳಲು ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕು. ಹಾಗಾಗಿ ಬ್ಯಾಟರಿ ಬೇಗ ಇಳಿಯುತ್ತದೆ. ಇನ್ನು, 36 ವೋಲ್ಟಿನ 13 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬಿಡಬಹುದಾದ ಒಟ್ಟು ಶಕ್ತಿ 468 ವ್ಯಾಟ್-ಅವರ್ ಇದ್ದರೆ, 48 ವೋಲ್ಟಿನ 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 480. ಎರಡೂ ಹೆಚ್ಚುಕಡಿಮೆ ಒಂದೇ. ವೋಲ್ಟ್ ಏರಿಸಿದ ಮಾತ್ರಕ್ಕೆ ಹೆಚ್ಚು ದೂರ ಹೋಗಲಾಗುವುದಿಲ್ಲ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಬ್ಯಾಟರಿ ಮೇಲೆ ಬರೆದಿರುವ 36, 48 ಎಲ್ಲ ಬರೀ ಹೆಸರಿನ ಲೆಕ್ಕ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. 36ರ ಬ್ಯಾಟರಿಯಲ್ಲಿ ಅಂಥ 10 ಸೆಲ್ ಸಾಲಾಗಿರುತ್ತವೆ, ಅಂದರೆ 42 ವೋಲ್ಟ್. 48ರದ್ದರಲ್ಲಿ 13 ಸೆಲ್, ಅಂದರೆ 54.6 ವೋಲ್ಟ್. ಚಾರ್ಜರ್ ಕಿತ್ತ ಕೂಡಲೇ ನಿಮ್ಮ ಸೈಕಲ್ ಮೇಲೆ ಬೀಳುವುದು ಈ 54.6.

ನಾನು ಹೊಸ ಬ್ಯಾಟರಿ ತಂದು ಮೇಜಿನ ಮೇಲಿಟ್ಟು, ಆಮೇಲೆ ಕಂಟ್ರೋಲರ್ ಬಿಚ್ಚಿದೆ. ಬ್ಯಾಟರಿಯಿಂದ ಮೋಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವುದು ಅದೇ. ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ. ತಿರುಪು ತೆಗೆದು ಬೋರ್ಡನ್ನು ಹೊರಕ್ಕೆ ಎಳೆದೆ. ಅಂಚಿನಲ್ಲಿ ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಂದು ಕೆಪಾಸಿಟರ್, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಭಾಗ, ನಿಂತಿತ್ತು. ಅದು ತಡೆಯುವ ಮಿತಿ ಎಷ್ಟೆಂದು ಅದರ ಮೈಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: 50 ವೋಲ್ಟ್. ನನ್ನ ಕೈ ಅಲ್ಲೇ ನಿಂತಿತು. ಸುಮ್ನೆ ಬ್ಯಾಟರಿ ಸಿಕ್ಕಿಸಿ ನೋಡಿದ್ದರೆ ಆ ಕೆಪಾಸಿಟರ್ ಸಿಡಿಯುತ್ತಿತ್ತೋ ಏನೋ. ಹೀಗೆ ಬಿಚ್ಚಿ ನೋಡುವಾಗ ಮೊದಲು ಬ್ಯಾಟರಿ ತೆಗೆಯಿರಿ, ಸ್ವಲ್ಪ ಹೊತ್ತು ಬಿಡಿ. ಕೆಪಾಸಿಟರಿನೊಳಗೆ ಕರೆಂಟ್ ಉಳಿದಿರುತ್ತದೆ. 63 ವೋಲ್ಟ್ ಎಂದು ಬರೆದಿದ್ದರೆ ಆ ಒಂದು ಭಾಗ ತಡೆಯುತ್ತದೆ ಅನ್ನಬಹುದು, ಅಷ್ಟೇ. ಬೋರ್ಡಿನ ಮೇಲೆ ಬೇರೆ ಭಾಗಗಳೂ ಇವೆ. ಹ್ಯಾಂಡಲ್ ಮೇಲಿನ ಡಿಸ್‌ಪ್ಲೇ, ದೀಪ ಇವಕ್ಕೂ ಎಷ್ಟೋ ಸಲ ಬ್ಯಾಟರಿಯಿಂದಲೇ ನೇರ ಕರೆಂಟ್ ಹೋಗುತ್ತದೆ.

ಇನ್ನೊಂದು ವಿಷಯ ಕಣ್ಣಿಗೆ ಕಾಣುವುದಿಲ್ಲ. 36 ವೋಲ್ಟಿನ ಕಂಟ್ರೋಲರ್ ಬ್ಯಾಟರಿ 30 ವೋಲ್ಟ್ ಆಸುಪಾಸಿಗೆ ಇಳಿದಾಗ ಮೋಟರ್ ನಿಲ್ಲಿಸುತ್ತದೆ. 13 ಸೆಲ್ಲಿನ ಬ್ಯಾಟರಿ 39ಕ್ಕೆ ಇಳಿದರೇ ಪೂರ್ತಿ ಖಾಲಿ. ಹಳೆಯ ಕಂಟ್ರೋಲರಿಗೆ ಆ ಖಾಲಿ ಗೊತ್ತೇ ಆಗುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಆಗ ಮಿತಿ ಮೀರಿದರೆ ಕರೆಂಟ್ ಕಡಿಯುವ, ಬ್ಯಾಟರಿಯೊಳಗಿನ ಕಾವಲು ಬೋರ್ಡು ಒಂದೇ ಗತಿ. ಅದಕ್ಕೇ ನಾನು ಕೊನೆಗೆ ಕಂಟ್ರೋಲರ್, ಡಿಸ್‌ಪ್ಲೇ ಎರಡನ್ನೂ 48ರದ್ದೇ ತಂದು ಹಾಕಿದೆ. ಖರ್ಚು ಜಾಸ್ತಿಯಾಯಿತು. ಆದರೂ ಹಾಗೇ ಮಾಡಿ ಅಂತಲೇ ಹೇಳುತ್ತೇನೆ.

ಚಾರ್ಜರ್ ವಿಷಯದಲ್ಲಂತೂ ಕೈಮುಗಿದು ಕೇಳಿಕೊಳ್ಳುತ್ತೇನೆ. 42 ವೋಲ್ಟಿನ ಚಾರ್ಜರ್, 54.6ರ ಚಾರ್ಜರ್ ಎರಡರ ಪಿನ್ನೂ ಎಷ್ಟೋ ಸಲ ಒಂದೇ ಥರ ಇರುತ್ತದೆ. ದೊಡ್ಡದನ್ನು ಚಿಕ್ಕ ಬ್ಯಾಟರಿಗೆ ಸಿಕ್ಕಿಸಿದರೆ ಸೆಲ್‌ಗಳು ಮಿತಿ ಮೀರಿ ತುಂಬಿ ಬೆಂಕಿ ಹತ್ತಬಹುದು. ನಮ್ಮ ಮನೆಯಲ್ಲಿ ಹೊಸ ಚಾರ್ಜರಿಗೂ ಹೊಸ ಬ್ಯಾಟರಿಗೂ ಕೆಂಪು ಟೇಪ್ ಸುತ್ತಿದ್ದೇನೆ. ಕೆಂಪು ಕೆಂಪಿಗೇ ಹೋಗಬೇಕು. ಹಳೆಯ ಚಾರ್ಜರನ್ನು ಹಳೆಯ ಬ್ಯಾಟರಿ ಜೊತೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೇನೆ. ಇನ್ನು, ಇರುವ 36ಕ್ಕೆ ಎಲ್ಲಿಂದಲೋ ಒಂದು 12 ವೋಲ್ಟ್ ಬ್ಯಾಟರಿ ಜೋಡಿಸಿ 48 ಮಾಡುವ ಉಪಾಯ ಹೇಳುವವರಿದ್ದಾರೆ. ದಯವಿಟ್ಟು ಬೇಡ. ಎರಡೂ ಒಂದೇ ಹೊತ್ತಿಗೆ ಖಾಲಿಯಾಗುವುದಿಲ್ಲ, ಒಂದರ ಕಾವಲು ಬೋರ್ಡು ಇನ್ನೊಂದರ ಭಾರ ಹೊರಲಾರದು.

ಹೊಸದರಲ್ಲಿ ಏರು ಹತ್ತಿದ ಮೇಲೆ ಇಳಿದು, ಚಕ್ರದ ನಡುವಿನ ಮೋಟರನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಆರುವವರೆಗೆ ಕಾಯಿರಿ. ಕೆಲವು ಮೋಟರುಗಳೊಳಗೆ ನೈಲಾನ್ ಗೇರ್ ಇರುತ್ತವೆ, ಅವು ಹೆಚ್ಚು ಬಿಸಿ ತಡೆಯುವುದಿಲ್ಲ. ಹೆಚ್ಚಿದ ವೇಗಕ್ಕೆ ನಿಮ್ಮಲ್ಲಿ ಕಾನೂನಿನ ಒಪ್ಪಿಗೆ ಇದೆಯಾ ಎಂದೂ ಮೊದಲೇ ವಿಚಾರಿಸಿ.

ಕೊನೆಯದಾಗಿ ಬ್ರೇಕ್. 24ರ ಬದಲು 32ರ ವೇಗದಲ್ಲಿ ಬರುವ ಸೈಕಲ್ ನಿಲ್ಲಿಸಲು ಬ್ರೇಕ್ ಸುಮಾರು 1.8 ಪಟ್ಟು ಶಕ್ತಿಯನ್ನು ನುಂಗಬೇಕು. ನಾನು ಹೊಸ ಬ್ಯಾಟರಿ ಸಿಕ್ಕಿಸಿದ್ದು ಬ್ರೇಕ್ ಪ್ಯಾಡ್, ಕೇಬಲ್ ಎರಡನ್ನೂ ಬದಲಿಸಿ, ಹಳೆಯ ಬ್ಯಾಟರಿಯಲ್ಲೇ ಎರಡು ದಿನ ಓಡಿಸಿ ನೋಡಿದ ಮೇಲೆ.

ನಮಸ್ಕಾರ.